ಹೊಸ ಕಾರಿನ ದರ ಮಾತಾಡುವುದು ಹೇಗೆ: ಮಂಗಳೂರು, ಉಡುಪಿಯವರಿಗೆ ಹಂತ ಹಂತದ ಮಾರ್ಗದರ್ಶಿ

ಶೋರೂಮಿನವರು ಕೊಡುವ ಕೊಟೇಶನ್ ಹಾಳೆಯ ತಳದಲ್ಲಿ ದಪ್ಪ ಅಕ್ಷರದ ಒಂದು ಅಂಕಿ ಇರುತ್ತದೆ: ತೆರಿಗೆ, ವಿಮೆ, ಶುಲ್ಕ ಎಲ್ಲ ಸೇರಿದ ಆನ್ ರೋಡ್ ದರ. ನಮ್ಮ ಕಡೆ ಹೆಚ್ಚಿನವರು ಚೌಕಾಸಿ ಮಾಡುವುದು ಆ ಒಂದೇ ಅಂಕಿಯ ಮೇಲೆ. "ಲಾಸ್ಟ್ ಎಷ್ಟಕ್ಕೆ ಕೊಡ್ತೀರಿ?" ಎಂದು ಕೇಳುತ್ತಾರೆ, ಇಪ್ಪತ್ತು ಸಾವಿರ ಇಳಿಯುತ್ತದೆ, ಅಲ್ಲೇ ಬುಕಿಂಗ್ ಆಗಿಬಿಡುತ್ತದೆ. ಆ ಇಪ್ಪತ್ತು ಸಾವಿರವನ್ನು ವಿಮೆಯ ಸಾಲಿನಲ್ಲೋ ಆಕ್ಸೆಸರಿಯ ಸಾಲಿನಲ್ಲೋ ಮೊದಲೇ ಸೇರಿಸಿಟ್ಟಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ಒಟ್ಟು ಮೊತ್ತದ ಮೇಲೆ ಮಾತಾಡಬೇಡಿ, ಸಾಲು ಸಾಲಾಗಿ ಮಾತಾಡಿ. ಅದಕ್ಕೆ ಬೇಕಾದ ಲೆಕ್ಕ, ಸಮಯ, ಮಾತು, ಎಚ್ಚರ ಎಲ್ಲವನ್ನೂ ಕೆಳಗೆ ಕೊಟ್ಟಿದ್ದೇವೆ.

ಮೊದಲ ಹಂತ: ಕೊಟೇಶನ್ನಿನ ಪ್ರತಿ ಸಾಲನ್ನೂ ಬೇರೆ ಮಾಡಿ

ಬಾಯಿಮಾತಿನ ದರಕ್ಕೆ ಬೆಲೆಯಿಲ್ಲ. ಶೋರೂಮಿನ ಹೆಸರು, ದಿನಾಂಕ, ಕಾರಿನ ವೇರಿಯಂಟ್, ಬಣ್ಣ ಇರುವ ಲಿಖಿತ ಕೊಟೇಶನ್ ಕೇಳಿ ಪಡೆಯಿರಿ. ವಾಟ್ಸ್ಆ್ಯಪ್‌ನಲ್ಲಿ ಬಂದರೂ ಸಾಕು, ಆದರೆ ಸಾಲುಗಳು ಬಿಡಿಬಿಡಿಯಾಗಿ ಇರಲೇಬೇಕು. "ಇನ್ಶೂರೆನ್ಸ್, ರಿಜಿಸ್ಟ್ರೇಷನ್, ಇತರ ಎಲ್ಲ ಸೇರಿ" ಎಂಬ ಒಂದೇ ಸಾಲಿದ್ದರೆ ಹಾಳೆ ವಾಪಸ್ ಕೊಟ್ಟು ಬಿಡಿಸಿ ಬರೆಸಿ.

ಮೊದಲನೆಯದು ಎಕ್ಸ್-ಶೋರೂಮ್ ದರ, ಅಂದರೆ ರಸ್ತೆ ತೆರಿಗೆ, ವಿಮೆ ಸೇರುವ ಮೊದಲಿನ ಕಾರಿನ ದರ. ಇದು ಕಂಪನಿಯ ಜಾಲತಾಣದಲ್ಲಿ ನಿಮ್ಮ ಊರಿಗೆ ತೋರಿಸುವ ದರಕ್ಕೆ ಹೊಂದಬೇಕು. ಜಿಎಸ್‌ಟಿ ಅದರೊಳಗೇ ಇರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳಿಗೆ, ಅಂದರೆ ನಾಲ್ಕು ಮೀಟರ್ ಉದ್ದದ ಒಳಗಿದ್ದು 1200 ಸಿಸಿವರೆಗಿನ ಪೆಟ್ರೋಲ್ ಅಥವಾ 1500 ಸಿಸಿವರೆಗಿನ ಡೀಸೆಲ್ ಎಂಜಿನ್ ಇರುವವಕ್ಕೆ, ಶೇ. 18 ಜಿಎಸ್‌ಟಿ. ಅದಕ್ಕಿಂತ ದೊಡ್ಡ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಶೇ. 40. ಹಾಳೆಯಲ್ಲಿ ಕಾರಿಗೆ ಮತ್ತೊಮ್ಮೆ ಜಿಎಸ್‌ಟಿ ಎಂದು ಬರೆದಿದ್ದರೆ ಅದು ತಪ್ಪು.

ಎರಡನೆಯದು ರಸ್ತೆ ತೆರಿಗೆ. ಇದರಲ್ಲಿ ಚೌಕಾಸಿ ಇಲ್ಲ, ಆದರೆ ಲೆಕ್ಕ ಹಾಕಿ ನೋಡದೆ ಬಿಡಬೇಡಿ. ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್ ಕಾರುಗಳ ಜೀವಿತಾವಧಿ ತೆರಿಗೆ 5 ಲಕ್ಷದವರೆಗೆ ಶೇ. 13, 5ರಿಂದ 10 ಲಕ್ಷಕ್ಕೆ ಶೇ. 14, 10ರಿಂದ 20 ಲಕ್ಷಕ್ಕೆ ಶೇ. 17, ಅದರ ಮೇಲೆ ಶೇ. 18. ಆ ತೆರಿಗೆಯ ಮೇಲೆ ಶೇ. 11 ಸೆಸ್. ಇದರ ಜತೆಗೆ ಸಾರಿಗೆ ಕಾರ್ಮಿಕರ ಕಲ್ಯಾಣ ನಿಧಿಗೆ ಕಾರೊಂದಕ್ಕೆ ಒಂದು ಸಾವಿರ ರೂಪಾಯಿ. 9 ಲಕ್ಷ ರೂಪಾಯಿಯ ಕಾರಾದರೆ ತೆರಿಗೆ 1,26,000, ಸೆಸ್ 13,860, ಒಟ್ಟು 1,39,860, ಅದಕ್ಕೆ ಒಂದು ಸಾವಿರ ಕೂಡಿಸಿ. ನಿಮ್ಮ ಹಾಳೆಯಲ್ಲಿ 1,50,000 ಎಂದಿದ್ದರೆ ಉಳಿದ ಹಣ ಎಲ್ಲಿಗೆ ಹೋಗುತ್ತದೆ ಎಂದು ಕೇಳಲೇಬೇಕು.

10 ಲಕ್ಷದ ಗಡಿಯಲ್ಲಿ ಕಾರು ನೋಡುತ್ತಿರುವವರು ಒಂದು ನಿಮಿಷ ನಿಲ್ಲಿ. 9,95,000 ರೂಪಾಯಿಯ ಕಾರಿಗೆ ತೆರಿಗೆ ಮತ್ತು ಸೆಸ್ ಸೇರಿ 1,54,623. 10,05,000ದ ಕಾರಿಗೆ 1,89,643. ಕಾರಿನ ದರದಲ್ಲಿ ಹತ್ತು ಸಾವಿರ ಹೆಚ್ಚಾದರೆ ತೆರಿಗೆಯಲ್ಲೇ 35 ಸಾವಿರ ಹೆಚ್ಚಾಗುತ್ತದೆ. ಏಕೆಂದರೆ ಹೆಚ್ಚಿನ ಶೇಕಡಾವಾರು ಗಡಿ ದಾಟಿದ ಹತ್ತು ಸಾವಿರಕ್ಕೆ ಮಾತ್ರವಲ್ಲ, ಇಡೀ ದರಕ್ಕೆ ಬೀಳುತ್ತದೆ. ಸನ್‌ರೂಫ್ ಇರುವ ವೇರಿಯಂಟ್ ಗಡಿ ದಾಟುತ್ತದೆಯೇ, ಎರಡು ಬಣ್ಣದ ಮೇಲ್ಛಾವಣಿ ತೆಗೆದುಕೊಂಡರೆ ದಾಟುತ್ತದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಿ. ಶೋರೂಮಿನಲ್ಲಿ "ಹತ್ತೇ ಸಾವಿರ ಜಾಸ್ತಿ ಸರ್" ಎಂಬ ಮಾತಿಗೆ ಅಲ್ಲೇ ಲೆಕ್ಕ ಹಾಕುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ.

10 ಲಕ್ಷ ಮೀರಿದ ಕಾರಿಗೆ ಶೇ. 1 ಟಿಸಿಎಸ್ (ಮಾರುವಾಗಲೇ ಹಿಡಿಯುವ ಆದಾಯ ತೆರಿಗೆ) ಕೂಡ ವಸೂಲಿ ಮಾಡುತ್ತಾರೆ. ಇದು ಕಳೆದುಹೋಗುವ ಹಣವಲ್ಲ. ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು ಅಥವಾ ವಾಪಸ್ ಪಡೆಯಬಹುದು. ಹಾಗಾಗಿ ಮನೆಯಲ್ಲಿ ರಿಟರ್ನ್ ಸಲ್ಲಿಸುವವರ ಹೆಸರಿನಲ್ಲೇ ಕಾರು ಕೊಂಡರೆ ಅನುಕೂಲ.

ಮೂರನೆಯದು ನೋಂದಣಿ ಶುಲ್ಕ. ಕೇಂದ್ರ ಮೋಟಾರು ವಾಹನ ನಿಯಮದಂತೆ ಸ್ವಂತ ಬಳಕೆಯ ಕಾರಿಗೆ 600 ರೂಪಾಯಿ, ಸ್ಮಾರ್ಟ್ ಕಾರ್ಡ್‌ಗೆ 200, ಸಾಲವಿದ್ದರೆ ಅದನ್ನು ನೋಂದಣಿ ಪತ್ರವಾದ ಆರ್‌ಸಿಯಲ್ಲಿ ದಾಖಲಿಸಲು 1,500. ಈ ಸಾಲಿನಲ್ಲಿ ಐದು, ಹತ್ತು ಸಾವಿರ ಕಂಡರೆ ಬಿಡಿಸಿ ಕೇಳಿ. ಬಹುಪಾಲು ಅದು ಶೋರೂಮಿನ ಸ್ವಂತ ಸೇವಾ ಶುಲ್ಕ.

ನಾಲ್ಕನೆಯದು ಹ್ಯಾಂಡ್ಲಿಂಗ್, ಲಾಜಿಸ್ಟಿಕ್ಸ್, ಡಿಪೋ ಚಾರ್ಜ್, ಫೆಸಿಲಿಟೇಷನ್, ಹೀಗೆ ನಾನಾ ಹೆಸರಿನಲ್ಲಿ ಬರುವ ಸಾಲು. ಇದು ಯಾವ ಸರಕಾರಕ್ಕೂ ಹೋಗುವುದಿಲ್ಲ. ಕಾರ್ಖಾನೆಯಿಂದ ಶೋರೂಮಿಗೆ ಕಾರು ತರುವ ಖರ್ಚು ಎಕ್ಸ್-ಶೋರೂಮ್ ದರದಲ್ಲೇ ಸೇರಿದೆ. ಈ ಸಾಲನ್ನು ಕಡಿಮೆ ಮಾಡಿಸುವುದಲ್ಲ, ಹೊಡೆದುಹಾಕಿಸಬೇಕು.

ಉಳಿದದ್ದರಲ್ಲಿ ಆಕ್ಸೆಸರಿ, ಎಕ್ಸ್‌ಟೆಂಡೆಡ್ ವಾರಂಟಿ, ಕೋಟಿಂಗ್ ನಿಮ್ಮ ಇಷ್ಟಕ್ಕೆ ಬಿಟ್ಟವು; ಫಾಸ್ಟ್ಯಾಗ್, ವಿಮೆ ಕಡ್ಡಾಯ, ಆದರೆ ವಿಮೆಯನ್ನು ಎಲ್ಲಿ ಮಾಡಿಸುವುದೆಂಬುದು ನಿಮ್ಮ ಇಷ್ಟ. ಕಾರಿನಲ್ಲಿ ಶೋರೂಮಿಗೆ ಸಿಗುವ ಮಾರ್ಜಿನ್ ಕಡಿಮೆ; ಅವರ ಸಂಪಾದನೆ ಹೆಚ್ಚಾಗಿ ಈ ಸಾಲುಗಳಲ್ಲಿದೆ. ಕಾರಿನ ಮೇಲೆ ಲಕ್ಷ ರೂಪಾಯಿ ಕಡಿಮೆ ಮಾಡಿ ಎಂದರೆ ಆಗದ ಮಾತು, ಈ ಸಾಲುಗಳಲ್ಲಿ ಮೂವತ್ತು, ನಲವತ್ತು ಸಾವಿರ ಉಳಿಸುವುದು ಆಗುವ ಮಾತು.

ಎರಡನೇ ಹಂತ: ಮನೆಯಲ್ಲೇ ಮಾಡಿಕೊಳ್ಳಬೇಕಾದ ತಯಾರಿ

ವೇರಿಯಂಟ್ ಮತ್ತು ಎರಡು ಬಣ್ಣ ಗಟ್ಟಿ ಮಾಡಿಕೊಳ್ಳಿ. ಒಂದೇ ಬಣ್ಣಕ್ಕೆ ಹಟ ಹಿಡಿದರೆ ಸ್ಟಾಕ್ ಇಲ್ಲ ಎಂಬ ಒಂದು ಮಾತಿಗೆ ನಿಮ್ಮ ಚೌಕಾಸಿ ಮುಗಿಯುತ್ತದೆ.

ಸಾಲ ಬೇಕಿದ್ದರೆ ನಿಮ್ಮ ಬ್ಯಾಂಕಿಗೆ ಮೊದಲು ಹೋಗಿ ಮಂಜೂರಾತಿ ಪತ್ರ ತನ್ನಿ. ಬ್ಯಾಂಕುಗಳೇ ಹುಟ್ಟಿ ಬೆಳೆದ ಜಿಲ್ಲೆಗಳಿವು. ಖಾತೆ ಇರುವ ಶಾಖೆಯ ಮ್ಯಾನೇಜರರ ಹತ್ತಿರ ಕೂತು ಮಾತಾಡಲು ಯಾರಿಗೂ ಕಷ್ಟವಿಲ್ಲ. ಶೋರೂಮಿನ ಮೇಜಿನಲ್ಲಿ ಕೂತ ಫೈನಾನ್ಸ್‌ನವರ ಬಡ್ಡಿ ಕೆಲವೊಮ್ಮೆ ಕಡಿಮೆಯೂ ಇರುತ್ತದೆ, ಆದರೆ ಹೋಲಿಸಲು ಕೈಯಲ್ಲಿ ಪತ್ರ ಬೇಕು. 8 ಲಕ್ಷ ಸಾಲಕ್ಕೆ ಐದು ವರ್ಷಕ್ಕೆ ಶೇ. 9ರಂತೆ ತಿಂಗಳ ಕಂತು ಸುಮಾರು 16,607. ಶೇ. 10 ಆದರೆ ಸುಮಾರು 16,998. ಬರೀ 391 ರೂಪಾಯಿಯ ವ್ಯತ್ಯಾಸ ಅನಿಸುತ್ತದೆ, ಐದು ವರ್ಷಕ್ಕೆ ಅದು 23 ಸಾವಿರ ದಾಟುತ್ತದೆ. ಅದೇ ಸಾಲವನ್ನು ಶೇ. 9ರಂತೆ ಏಳು ವರ್ಷಕ್ಕೆ ಎಳೆದರೆ ಕಂತು 12,871ಕ್ಕೆ ಇಳಿಯುತ್ತದೆ, ಕಟ್ಟುವ ಒಟ್ಟು ಹಣ ಸುಮಾರು 85 ಸಾವಿರ ಏರುತ್ತದೆ. ಹಾಗಾಗಿ "ತಿಂಗಳಿಗೆ ಎಷ್ಟು ಕಟ್ಟಬಹುದು ಸರ್?" ಎಂದು ಕೇಳಿದಾಗ ಅಂಕಿ ಹೇಳಲೇಬೇಡಿ. ಆ ಅಂಕಿಗೆ ಹೊಂದುವಂತೆ ಅವಧಿ ಉದ್ದ ಮಾಡಿಕೊಡುವುದು ಬಹಳ ಸುಲಭ. ಬಡ್ಡಿ ಫ್ಲ್ಯಾಟ್ ರೇಟೋ (ಕೊನೆಯವರೆಗೂ ಪೂರ್ತಿ ಸಾಲದ ಮೇಲೆ ಲೆಕ್ಕ ಹಾಕುವುದು), ಬಾಕಿ ಮೊತ್ತದ ಮೇಲೋ. ಪ್ರೊಸೆಸಿಂಗ್ ಶುಲ್ಕ ಎಷ್ಟು. ಅವಧಿಗೆ ಮೊದಲೇ ತೀರಿಸಿದರೆ ದಂಡ ಎಷ್ಟು: ಈ ಮೂರನ್ನು ಬರಹದಲ್ಲಿ ಪಡೆಯಿರಿ. ಐದು ವರ್ಷಕ್ಕೆ ಶೇ. 5 ಫ್ಲ್ಯಾಟ್ ಎಂದರೆ ನಿಜವಾದ ಬಡ್ಡಿ ಶೇ. 9ಕ್ಕಿಂತ ಹೆಚ್ಚೇ ಆಗುತ್ತದೆ.

ಹಳೆ ಕಾರಿದ್ದರೆ ಅದರ ಬೆಲೆಯನ್ನು ಎರಡು ಕಡೆ ಹೊರಗೆ ಕೇಳಿಟ್ಟುಕೊಳ್ಳಿ. ವಿಮೆಯ ಕೊಟೇಶನ್ ಆನ್‌ಲೈನ್‌ನಲ್ಲಿ ಒಂದು, ಪರಿಚಯದ ಏಜೆಂಟರಿಂದ ಒಂದು. ಇದಿಷ್ಟು ಕಾಗದ ಒಂದು ಫೈಲಿನಲ್ಲಿ ಹಾಕಿಕೊಂಡು ಹೋದರೆ ಅರ್ಧ ಮಾತು ಆಡದೆಯೇ ಮುಗಿಯುತ್ತದೆ.

ಮೂರನೇ ಹಂತ: ಯಾವಾಗ ಹೋಗಬೇಕು

ನಮ್ಮ ಜಿಲ್ಲೆಗಳಲ್ಲಿ ಒಂದು ಅನುಕೂಲ ಉಂಟು: ಆಟಿ ತಿಂಗಳು. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ತುಳುವರಲ್ಲಿ ಅನೇಕರು ಹೊಸ ವಾಹನ ಮನೆಗೆ ತರುವುದಿಲ್ಲ. ಮಳೆಯೂ ಜೋರು, ಶೋರೂಮಿನಲ್ಲಿ ಜನ ಕಡಿಮೆ. ಆದರೆ ತಿಂಗಳ ಟಾರ್ಗೆಟ್‌ಗೆ ಕಂಪನಿ ಆಟಿ ನೋಡುವುದಿಲ್ಲ. ಆಚರಣೆ ಇಲ್ಲದವರಿಗೆ ದರ ಮಾತಾಡಲು ಇಡೀ ವರ್ಷದಲ್ಲಿ ಇದಕ್ಕಿಂತ ಒಳ್ಳೆ ಸಮಯ ಸಿಗಲಿಕ್ಕಿಲ್ಲ. ಆಚರಿಸುವವರೂ ಆಟಿಯಲ್ಲೇ ಮಾತು ಮುಗಿಸಿ ಮುಂದಿನ ತಿಂಗಳಾದ ಸೋಣದಲ್ಲಿ ಡೆಲಿವರಿ ತೆಗೆದುಕೊಳ್ಳಬಹುದು. ಇದರಲ್ಲಿ ಒಂದು ಎಚ್ಚರ ಬೇಕು. ಕಂಪನಿಯ ಆಫರ್ ತಿಂಗಳು ತಿಂಗಳು ಬದಲಾಗುತ್ತದೆ, ಮತ್ತು ಸಾಮಾನ್ಯವಾಗಿ ಇನ್‌ವಾಯ್ಸ್ ಆದ ತಿಂಗಳಿನ ಆಫರ್ ಸಿಗುತ್ತದೆಯೇ ಹೊರತು ಬುಕಿಂಗ್ ಮಾಡಿದ ತಿಂಗಳಿನದ್ದಲ್ಲ. "ಡೆಲಿವರಿ ದಿನಾಂಕದವರೆಗೂ ಈ ರಿಯಾಯಿತಿ ಇರುತ್ತದೆ" ಎಂದು ಬುಕಿಂಗ್ ರಶೀದಿಯಲ್ಲೇ ಬರೆಸಿ.

ಮಹಾಲಯದ ಹದಿನೈದು ದಿನವೂ ಹೀಗೆಯೇ. ಅದು ಮುಗಿದ ಮರುದಿನದಿಂದ ನವರಾತ್ರಿ, ಆಯುಧಪೂಜೆ, ವಿಜಯದಶಮಿ, ಮುಂದೆ ದೀಪಾವಳಿ. ಬಿಸು, ಅಕ್ಷಯ ತೃತೀಯದಲ್ಲೂ ಇದೇ ರಶ್. ಆ ದಿನಗಳಿಗೆ ಕಾರು ಬೇಕೆಂದರೆ ಚೌಕಾಸಿಯನ್ನು ಒಂದು ತಿಂಗಳು ಮೊದಲೇ ಮಾಡಿ. ಹಬ್ಬದ ಹಿಂದಿನ ದಿನ ಹೋಗಿ "ನಾಳೆ ಬೆಳಿಗ್ಗೆ ಕಟೀಲಿಗೆ ಪೂಜೆಗೆ ಕೊಂಡೊಯ್ಯಬೇಕು" ಎಂದರೆ ದರ ಅವರು ಹೇಳಿದ್ದೇ.

ಇನ್ನು ತಿಂಗಳ ಕೊನೆಯ ವಾರ, ತ್ರೈಮಾಸಿಕದ ಕೊನೆ, ಮಾರ್ಚ್: ಟಾರ್ಗೆಟ್ ಒತ್ತಡವಿರುವ ದಿನಗಳು. ಡಿಸೆಂಬರ್‌ನಲ್ಲಿ ವರ್ಷದ ಸ್ಟಾಕ್ ಖಾಲಿ ಮಾಡುವ ಆತುರ ಇರುತ್ತದೆ. ಆಗ ತೆಗೆದ ಕಾರಿನ ತಯಾರಿಕೆ ವರ್ಷ ಆರ್‌ಸಿಯಲ್ಲಿ ಹಾಗೆಯೇ ದಾಖಲಾಗುತ್ತದೆ. ಮುಂದೆ ಮಾರುವಾಗ ಒಂದು ವರ್ಷ ಹಳೆಯದೆಂದೇ ಬೆಲೆ ಕಟ್ಟುತ್ತಾರೆ. ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಅದು ದೊಡ್ಡ ವಿಷಯವಲ್ಲ. ಮೂರು ನಾಲ್ಕು ವರ್ಷಕ್ಕೆ ಬದಲಾಯಿಸುವವರಿಗೆ ಡಿಸೆಂಬರ್ ರಿಯಾಯಿತಿ ದೊಡ್ಡದಾಗಿರಬೇಕು, ಇಲ್ಲದಿದ್ದರೆ ಜನವರಿಯೇ ವಾಸಿ.

ಗಲ್ಫಿನಿಂದ ಮೂವತ್ತು ದಿನದ ರಜೆಯಲ್ಲಿ ಬರುವವರು ಊರಿಗೆ ಕಾಲಿಟ್ಟ ಮೇಲೆ ಶುರು ಮಾಡಿದರೆ ಸಮಯದ ಒತ್ತಡ ಪೂರ್ತಿ ಅವರ ಮೇಲೆಯೇ ಬೀಳುತ್ತದೆ. ಟಿಕೆಟ್ ಆದ ಕೂಡಲೇ ಅಲ್ಲಿಂದಲೇ ಇಮೇಲ್, ವಾಟ್ಸ್ಆ್ಯಪ್ ಮೂಲಕ ಕೊಟೇಶನ್ ತರಿಸಿ. ವಾಪಸ್ ಹೋಗುವ ದಿನಾಂಕವನ್ನು ಶೋರೂಮಿನಲ್ಲಿ ಹೇಳಬೇಡಿ.

ನಾಲ್ಕನೇ ಹಂತ: ಯಾರ್ಯಾರ ಹತ್ತಿರ ದರ ಕೇಳಬೇಕು

ಮಂಗಳೂರಿನಲ್ಲಿ ಒಂದು, ಉಡುಪಿಯಲ್ಲಿ ಒಂದು, ಕುಂದಾಪುರದಲ್ಲಿ ಒಂದು ಕೊಟೇಶನ್ ತಂದರೆ ಮೂರು ಆಯಿತು ಎಂದುಕೊಳ್ಳಬೇಡಿ. ಇಲ್ಲಿ ಒಂದೇ ಡೀಲರ್ ಸಂಸ್ಥೆಗೆ ಎರಡೂ ಜಿಲ್ಲೆಗಳಲ್ಲಿ ಶಾಖೆಗಳಿರುವುದು ಸಾಮಾನ್ಯ. ಬೋರ್ಡಿನಲ್ಲಿ ಊರಿನ ಹೆಸರು ಬೇರೆ ಇದ್ದರೂ ದರ ತೀರ್ಮಾನಿಸುವವರು ಒಬ್ಬರೇ. ನೀವು ಉಡುಪಿಯಲ್ಲಿ ಕೊಟ್ಟ ಮೊಬೈಲ್ ನಂಬರ್ ಮಂಗಳೂರಿನ ಶಾಖೆಯ ಕಂಪ್ಯೂಟರಿನಲ್ಲೂ ಕಾಣುತ್ತದೆ. ಕೊಟೇಶನ್ನಿನ ಮೇಲಿರುವ ಸಂಸ್ಥೆಯ ಹೆಸರು ಮತ್ತು ಜಿಎಸ್‌ಟಿ ಸಂಖ್ಯೆ ನೋಡಿ. ಜಿಎಸ್‌ಟಿ ಸಂಖ್ಯೆ ಒಂದೇ ಆದರೆ ಅಂಗಡಿಯೂ ಒಂದೇ.

ಅದೇ ಕಂಪನಿಗೆ ಈ ಭಾಗದಲ್ಲಿ ಎರಡನೇ ಡೀಲರ್ ಇದ್ದರೆ ಅದೇ ನಿಮ್ಮ ನಿಜವಾದ ಬಲ. ಇಲ್ಲದಿದ್ದರೆ ಶಿವಮೊಗ್ಗ, ಹಾಸನ ಅಥವಾ ಬೆಂಗಳೂರಿನ ಡೀಲರ್‌ಗೆ ಫೋನ್ ಮಾಡಿ ಲಿಖಿತ ದರ ತರಿಸಿ. ರಾಜ್ಯದೊಳಗೆ ರಸ್ತೆ ತೆರಿಗೆ ಎಲ್ಲ ಕಡೆ ಒಂದೇ, ನಿಮ್ಮ ವಿಳಾಸಕ್ಕೆ ಮಂಗಳೂರಾದರೆ ಕೆಎ-19, ಉಡುಪಿಯಾದರೆ ಕೆಎ-20 ನೋಂದಣಿಯನ್ನೇ ಕೇಳಬಹುದು. ಘಾಟಿ ಇಳಿಸಿ ತರುವ ಖರ್ಚು, ಓಡಾಟ ಕಳೆದು ಉಳಿಯುವುದು ಐದಾರು ಸಾವಿರವಾದರೆ ಬೇಡ, ಊರಿನಲ್ಲೇ ತೆಗೆದುಕೊಳ್ಳಿ. ಮುಂದಿನ ಸರ್ವೀಸಿಗೆ ಹೋಗುವುದು ಇಲ್ಲಿಗೇ. ಕಾಸರಗೋಡು ಹತ್ತಿರವೆಂದು ಕೇರಳದ ನೋಂದಣಿಗೆ ಆಸೆಪಡುವುದು ಸರಿಯಲ್ಲ. ವಾಸ ಇಲ್ಲಿದ್ದರೆ ಇಲ್ಲಿನ ತೆರಿಗೆ ಮತ್ತೆ ಕಟ್ಟಬೇಕಾಗುತ್ತದೆ.

ಬೇರೆ ಕಂಪನಿಯ ಅದೇ ವರ್ಗದ ಕಾರಿನ ಕೊಟೇಶನ್ ಕೂಡ ಒಂದಿರಲಿ. ನೀವು ಆ ಕಾರನ್ನು ನಿಜವಾಗಿಯೂ ಟೆಸ್ಟ್ ಡ್ರೈವ್ ಮಾಡಿದ್ದರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ.

ಐದನೇ ಹಂತ: ಮೇಜಿನ ಎದುರು

ಕರಾವಳಿಯಲ್ಲಿ ದರ ಮಾತಾಡಲು ದೊಡ್ಡ ಅಡ್ಡಿ ದಾಕ್ಷಿಣ್ಯ. ಸೇಲ್ಸ್‌ನ ಹುಡುಗ ಪಕ್ಕದ ಊರಿನವನು, ಅವನ ಮಾವ ನಿಮಗೆ ಪರಿಚಯ, ಮ್ಯಾನೇಜರರು ನಿಮ್ಮದೇ ಶಾಲೆಯಲ್ಲಿ ಓದಿದವರು. ಪರಿಚಯದವರ ಮೂಲಕ ಹೋದರೆ ಕಡಿಮೆ ಆದೀತು ಎಂಬ ನಂಬಿಕೆ ಬೇರೆ. ಹೆಚ್ಚಾಗಿ ಆಗುವುದು ಉಲ್ಟಾ. ಪರಿಚಯದ ಎದುರು ಹ್ಯಾಂಡ್ಲಿಂಗ್ ಚಾರ್ಜ್ ಬಗ್ಗೆ ಕೇಳಲು ಬಾಯಿ ಬರುವುದಿಲ್ಲ. ಕೇಳುವುದರಿಂದ ಯಾರಿಗೂ ಅವಮಾನವಿಲ್ಲ. ಲೆಕ್ಕ ಕೇಳುವ ಗಿರಾಕಿಗಳು ಅವರಿಗೆ ದಿನಾ ಸಿಗುತ್ತಾರೆ. ಮಾತು ಮೆತ್ತಗಿರಲಿ, ಪ್ರಶ್ನೆ ಗಟ್ಟಿಯಾಗಿರಲಿ.

ಕ್ರಮ ಹೀಗಿರಲಿ. ಮೊದಲು ಕಾರಿನ ದರ ಮಾತ್ರ. ಹಳೆ ಕಾರಿನ ಎಕ್ಸ್‌ಚೇಂಜ್, ಸಾಲ, ವಿಮೆ ಯಾವುದನ್ನೂ ಆಗ ಎತ್ತಬೇಡಿ. ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಒಂದು ಕಡೆ ಕೊಟ್ಟದ್ದನ್ನು ಇನ್ನೊಂದು ಕಡೆ ಕಿತ್ತುಕೊಳ್ಳುವುದು ಸುಲಭವಾಗುತ್ತದೆ.

"ಈ ತಿಂಗಳು ಕಂಪನಿ ಕಡೆಯಿಂದ ಎಷ್ಟು ಸ್ಕೀಮ್ ಉಂಟು? ಶೋರೂಮಿನ ಕಡೆಯಿಂದ ಎಷ್ಟು?" ಎಂದು ಬೇರೆ ಬೇರೆಯಾಗಿ ಕೇಳಿ. ಕಂಪನಿಯ ಸ್ಕೀಮಿನಲ್ಲಿ ನಗದು ರಿಯಾಯಿತಿ, ಎಕ್ಸ್‌ಚೇಂಜ್ ಬೋನಸ್, ಅದೇ ಕಂಪನಿಯ ಹಳೆ ಗ್ರಾಹಕರಿಗೆ ಲಾಯಲ್ಟಿ ಬೋನಸ್, ಉದ್ಯೋಗಿಗಳಿಗೆ ಕಾರ್ಪೊರೇಟ್ ರಿಯಾಯಿತಿ ಇರಬಹುದು. ಬ್ಯಾಂಕ್, ಬಂದರು, ರಿಫೈನರಿ, ಆಸ್ಪತ್ರೆ, ಕಾಲೇಜು, ಸರಕಾರಿ ಕಚೇರಿ ಎಲ್ಲಿ ಕೆಲಸವಿದ್ದರೂ ಗುರುತಿನ ಚೀಟಿ ತೋರಿಸಿ ಕೇಳಿ. ಕೇಳದಿದ್ದರೆ ಅವರಾಗಿ ಹೇಳುವುದು ಅಪರೂಪ. ಕಂಪನಿಯ ಸ್ಕೀಮ್ ನಿಮಗೆ ಸಲ್ಲಬೇಕಾದ್ದು, ಅದನ್ನು ಶೋರೂಮಿನವರು ತಮ್ಮ ಕೈಯಿಂದ ಕೊಟ್ಟಂತೆ ಲೆಕ್ಕ ಹಿಡಿಯಬೇಡಿ. ಚೌಕಾಸಿ ಶುರುವಾಗುವುದು ಅದರ ನಂತರ.

"ನೀವು ಕೊಡುವ ಕಾರು ಯಾವ ತಿಂಗಳಲ್ಲಿ ತಯಾರಾದದ್ದು?" ಇದು ಎರಡನೇ ಪ್ರಶ್ನೆ. ಡೀಲರ್ ಸ್ಟಾಕ್ ತರುವುದು ಸಾಲದ ಹಣದಲ್ಲಿ, ಕಾರು ಯಾರ್ಡ್‌ನಲ್ಲಿ ನಿಂತಷ್ಟು ದಿನ ಬಡ್ಡಿ ಓಡುತ್ತದೆ. ಮೂರು ನಾಲ್ಕು ತಿಂಗಳಿಂದ ನಿಂತ ಕಾರಾದರೆ ಇಳಿಸುವ ಮನಸ್ಸು ಅವರಿಗೇ ಹೆಚ್ಚು. ಬೇಡಿಕೆ ಜಾಸ್ತಿ ಇದ್ದು ಕಾಯಬೇಕಾದ ಮಾಡೆಲ್‌ಗೆ ರಿಯಾಯಿತಿ ಸಿಗುವುದಿಲ್ಲ. ಅಲ್ಲಿ ನಿಮ್ಮ ಚೌಕಾಸಿ ಇಷ್ಟೇ: ಹ್ಯಾಂಡ್ಲಿಂಗ್ ತೆಗೆಸುವುದು, ಬೇಡದ ಆಕ್ಸೆಸರಿ ಕಿಟ್ ಬೇಡವೆನ್ನುವುದು, ವಿಮೆ ಹೊರಗಿನಿಂದ ಮಾಡಿಸುವುದು.

ಹ್ಯಾಂಡ್ಲಿಂಗ್ ಸಾಲಿಗೆ ಬಂದಾಗ, "ಇದಕ್ಕೆ ಬೇರೆ ರಶೀದಿ ಕೊಡ್ತೀರಾ? ಯಾವುದಕ್ಕೆ ಅಂತ ಬರೀತೀರಾ?" ಎಂದು ಕೇಳಿ. "ಇದು ಎಲ್ಲರಿಗೂ ಇರೋದೇ ಸರ್" ಎಂಬ ಉತ್ತರ ಬಂದರೆ, "ಎಲ್ಲರಿಗೂ ಇರಲಿ ಮಾರಾಯ್ರೆ, ನನಗೆ ತೆಗೆದು ಬರೆಯಿರಿ" ಎಂದು ಅಲ್ಲೇ ಕೂತಿರಿ. ಸೇಲ್ಸ್‌ನವರ ಕೈಯಲ್ಲಿ ಆಗದು, ಟೀಮ್ ಲೀಡರ್ ಬರುತ್ತಾರೆ, ಆಮೇಲೆ ಮ್ಯಾನೇಜರ್. ರಿಯಾಯಿತಿ ಕೊಡುವ ಅಧಿಕಾರ ಮೇಲೆ ಹೋದಷ್ಟೂ ಹೆಚ್ಚು. ಅದಕ್ಕಾಗಿಯೇ ಕಾಯಬೇಕು.

ನಗದು ರಿಯಾಯಿತಿಯ ಬದಲು "ಇಪ್ಪತ್ತೈದು ಸಾವಿರದ ಆಕ್ಸೆಸರಿ ಫ್ರೀ" ಎಂದರೆ ಒಪ್ಪುವ ಮೊದಲು ಯೋಚಿಸಿ. ಆ ಬೆಲೆ ಎಂಆರ್‌ಪಿ ಲೆಕ್ಕ, ಶೋರೂಮಿಗೆ ಬೀಳುವುದು ಅದಕ್ಕಿಂತ ಬಹಳ ಕಡಿಮೆ. ನಿಮಗೆ ಬೇಕಾದ್ದು ಮ್ಯಾಟ್, ಮಡ್ ಫ್ಲ್ಯಾಪ್ ಅಷ್ಟೇ ಆದರೆ ಅವನ್ನು ಉಚಿತ ಕೇಳಿ, ಉಳಿದದ್ದಕ್ಕೆ ಹಣ ಕಡಿಮೆ ಮಾಡಿಸಿ. ಕಡಲ ಗಾಳಿ, ತುಕ್ಕು ಎಂದು ಹೆದರಿಸಿ ಅಂಡರ್‌ಬಾಡಿ ಕೋಟಿಂಗ್, ಪೇಂಟ್ ಕೋಟಿಂಗ್ ಮಾರುವುದು ಇಲ್ಲಿ ಹೆಚ್ಚು. ಈಗಿನ ಕಾರುಗಳ ಕವಚಕ್ಕೆ ಕಾರ್ಖಾನೆಯಲ್ಲೇ ತುಕ್ಕು ನಿರೋಧಕ ಲೇಪನ ಆಗಿರುತ್ತದೆ. ಮಳೆಗಾಲದಲ್ಲಿ ಅಡಿಭಾಗವನ್ನು ಸಿಹಿ ನೀರಿನಲ್ಲಿ ಆಗಾಗ ತೊಳೆಸುವುದರಿಂದ ಆಗುವ ಪ್ರಯೋಜನ ದೊಡ್ಡದು. ಕೋಟಿಂಗ್ ಬೇಕೇ ಬೇಕೆಂದರೆ ಹೊರಗಿನ ದರ ಕೇಳಿ ಹೋಲಿಸಿ. ವೈರ್ ಕತ್ತರಿಸಿ ಜೋಡಿಸುವ ಲೈಟ್, ಹಾರ್ನ್, ಮ್ಯೂಸಿಕ್ ಸಿಸ್ಟಂ ಮಾತ್ರ ಹೊರಗೆ ಹಾಕಿಸಬೇಡಿ. ಮುಂದೆ ವಿದ್ಯುತ್ ದೋಷ ಬಂದರೆ ವಾರಂಟಿ ನಿರಾಕರಿಸಲು ಅದೊಂದು ಕಾರಣ ಸಾಕು.

"ಇವತ್ತೇ ಬುಕ್ ಮಾಡಿದರೆ ಮಾತ್ರ ಈ ದರ" ಎಂದರೆ, ಆ ದರವನ್ನು ಬರೆದು ಸಹಿ ಹಾಕಿ ಕೊಡಿ, ಮನೆಯಲ್ಲಿ ಕೇಳಿ ನಾಳೆ ಬರುತ್ತೇನೆ ಎನ್ನಿ. ಎದ್ದು ಹೊರಟ ಮೇಲೆ ಬರುವ ಫೋನ್ ಕರೆಯಲ್ಲಿ ಸಾಮಾನ್ಯವಾಗಿ ಇನ್ನೂ ಸ್ವಲ್ಪ ಇಳಿಯುತ್ತದೆ.

ಆರನೇ ಹಂತ: ವಿಮೆ

ಅತಿ ಹೆಚ್ಚು ಉಳಿಯುವುದು ಇಲ್ಲೇ, ಆದ್ದರಿಂದ ನಿಧಾನಕ್ಕೆ ನೋಡಬೇಕು. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ (ನಿಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಗೆ) 2018ರಿಂದ ಕಡ್ಡಾಯ. ಅದರ ದರ ಸರಕಾರ ನಿಗದಿ ಮಾಡಿದ್ದು: 1000 ಸಿಸಿವರೆಗೆ 6,521, ಅದರ ಮೇಲೆ 1500 ಸಿಸಿವರೆಗೆ 10,640, ಇನ್ನೂ ದೊಡ್ಡದಕ್ಕೆ 24,596 ರೂಪಾಯಿ, ಜತೆಗೆ ಜಿಎಸ್‌ಟಿ. ಇದು ಎಲ್ಲಿ ಮಾಡಿಸಿದರೂ ಒಂದೇ. ವ್ಯತ್ಯಾಸವಿರುವುದು ಕಾರಿನ ಸ್ವಂತ ಹಾನಿಯ ಭಾಗದಲ್ಲಿ ಮತ್ತು ಆ್ಯಡ್-ಆನ್‌ಗಳಲ್ಲಿ. ಸ್ವಂತ ಹಾನಿ ವಿಮೆಯನ್ನು ಒಂದು ವರ್ಷಕ್ಕೆ ಮಾಡಿಸಿದರೆ ಸಾಕು.

ಶೋರೂಮಿನಲ್ಲೇ ವಿಮೆ ಮಾಡಿಸಬೇಕೆಂಬ ನಿಯಮ ಇಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ ಮಾರ್ಗಸೂಚಿಯಂತೆ ಡೀಲರ್ ಒತ್ತಾಯಿಸುವಂತೆಯೇ ಇಲ್ಲ. "ಹೊರಗೆ ಮಾಡಿಸಿದರೆ ನಮ್ಮಲ್ಲಿ ಕ್ಯಾಶ್‌ಲೆಸ್ ಆಗುವುದಿಲ್ಲ" ಎಂಬುದು ಪದೇ ಪದೇ ಕೇಳುವ ಮಾತು. ಕ್ಯಾಶ್‌ಲೆಸ್, ಅಂದರೆ ರಿಪೇರಿ ಬಿಲ್ಲನ್ನು ವಿಮಾ ಕಂಪನಿಯೇ ನೇರ ಕಟ್ಟುವುದು, ಆಗುವುದು ವಿಮಾ ಕಂಪನಿಗೂ ಆ ವರ್ಕ್‌ಶಾಪಿಗೂ ಒಪ್ಪಂದವಿದ್ದರೆ, ಪಾಲಿಸಿ ಎಲ್ಲಿ ಕೊಂಡಿರಿ ಎಂಬುದರಿಂದಲ್ಲ. ಶೋರೂಮಿನ ಸರ್ವೀಸ್ ವಿಭಾಗಕ್ಕೆ ಹೋಗಿ ಯಾವ ಯಾವ ವಿಮಾ ಕಂಪನಿಗಳ ಕ್ಯಾಶ್‌ಲೆಸ್ ಉಂಟು ಎಂದು ಕೇಳಿ, ಅದರಲ್ಲೇ ಒಂದನ್ನು ಹೊರಗಿನಿಂದ ಮಾಡಿಸಿ.

ಹೋಲಿಸುವಾಗ ಎರಡೂ ಕಡೆ ಐಡಿವಿ (ಕಾರು ಪೂರ್ತಿ ಹಾಳಾದರೆ ಅಥವಾ ಕಳವಾದರೆ ವಿಮೆಯಿಂದ ಸಿಗುವ ಗರಿಷ್ಠ ಮೊತ್ತ) ಒಂದೇ ಇರಬೇಕು. ಹೊಸ ಕಾರಿಗೆ ಅದು ಎಕ್ಸ್-ಶೋರೂಮ್ ದರದ ಶೇ. 95, ಅಂದರೆ 9 ಲಕ್ಷದ ಕಾರಿಗೆ 8,55,000. ಐಡಿವಿ ಇಳಿಸಿ ಪ್ರೀಮಿಯಂ ಕಡಿಮೆ ತೋರಿಸಿದ್ದರೆ ಅದು ಉಳಿತಾಯವಲ್ಲ. ಆ್ಯಡ್-ಆನ್‌ಗಳಲ್ಲಿ ಝೀರೋ ಡೆಪ್ರಿಸಿಯೇಷನ್ ಹೊಸ ಕಾರಿಗೆ ಬೇಕು. ಇಲ್ಲದಿದ್ದರೆ ಬಂಪರ್‌ನಂಥ ಪ್ಲಾಸ್ಟಿಕ್ ಭಾಗಗಳ ಅರ್ಧ ಬೆಲೆ ನಿಮ್ಮ ಕೈಯಿಂದ ಹೋಗುತ್ತದೆ. ನಮ್ಮ ಜಿಲ್ಲೆಗಳಲ್ಲಿ ಎಂಜಿನ್ ಪ್ರೊಟೆಕ್ಟ್ ಬಿಡಲೇಬಾರದು. ಕೊಟ್ಟಾರ ಚೌಕಿಯಲ್ಲಿ, ಪಂಪ್‌ವೆಲ್‌ನಲ್ಲಿ ಜೋರು ಮಳೆಗೆ ನೀರು ನಿಲ್ಲುವುದು ಎಲ್ಲರಿಗೂ ಗೊತ್ತು, 2020ರ ಸೆಪ್ಟೆಂಬರಿನಲ್ಲಿ ಉಡುಪಿಯಲ್ಲಿ ಬಂದ ನೆರೆಯೂ ಮರೆಯುವಂಥದ್ದಲ್ಲ. ನೀರಿನಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಿದಾಗ ಸಿಲಿಂಡರಿಗೆ ನೀರು ಹೋಗಿ ಕನೆಕ್ಟಿಂಗ್ ರಾಡ್ ಬಾಗಿದರೆ, ಈ ಆ್ಯಡ್-ಆನ್ ಇಲ್ಲದ ಪಾಲಿಸಿಯಲ್ಲಿ ಆ ಖರ್ಚು ಸಿಗುವುದಿಲ್ಲ. ಕೀ ಕಳೆದರೆ, ಲಗೇಜ್ ಕಳೆದರೆ ಎಂಬಂಥವನ್ನು ಬೇಕಿದ್ದರೆ ಬಿಡಿ.

ಹಳೆ ಕಾರಿನ ಎನ್‌ಸಿಬಿ ಮರೆಯಬೇಡಿ. ಅದು ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ; ಕಾರಿನದ್ದಲ್ಲ, ಮಾಲೀಕರದ್ದು. ಐದು ವರ್ಷ ಕ್ಲೇಮ್ ಮಾಡದಿದ್ದರೆ ಸ್ವಂತ ಹಾನಿ ಪ್ರೀಮಿಯಂನಲ್ಲಿ ಶೇ. 50 ರಿಯಾಯಿತಿ. ಹಳೆ ವಿಮಾ ಕಂಪನಿಯಿಂದ ಎನ್‌ಸಿಬಿ ಪತ್ರ ಪಡೆದರೆ ಮೂರು ವರ್ಷದೊಳಗೆ ಹೊಸ ಕಾರಿಗೆ ಬಳಸಬಹುದು. ಹಾಗೆಯೇ ನಿಮ್ಮ ಹೆಸರಿನಲ್ಲಿ ಈಗಾಗಲೇ 15 ಲಕ್ಷದ ಅಪಘಾತ ವಿಮೆ ಇದ್ದರೆ ಮಾಲೀಕ-ಚಾಲಕರ ಅಪಘಾತ ವಿಮೆಯನ್ನು ಮತ್ತೆ ಕೊಳ್ಳಬೇಕಿಲ್ಲ.

ಹೊರಗಿನ ಕೊಟೇಶನ್ ತೋರಿಸಿದ ಕೂಡಲೇ ಶೋರೂಮಿನ ವಿಮೆಯ ದರವೇ ಇಳಿಯುವುದುಂಟು. ಅಷ್ಟೇ ದರಕ್ಕೆ ಬಂದರೆ ಅಲ್ಲೇ ಮಾಡಿಸಿ, ಓಡಾಟ ತಪ್ಪುತ್ತದೆ.

ಏಳನೇ ಹಂತ: ಹಳೆ ಕಾರು

ಹೊಸ ಕಾರಿನ ದರ ಬರವಣಿಗೆಯಲ್ಲಿ ಬಂದ ನಂತರ ಮಾತ್ರ ಹಳೆ ಕಾರನ್ನು ತೋರಿಸಿ. ಎಕ್ಸ್‌ಚೇಂಜ್ ಬೋನಸ್ ಮತ್ತು ಹಳೆ ಕಾರಿನ ಬೆಲೆ ಎರಡು ಬೇರೆ ಸಾಲು. ಹೊರಗೆ 2,60,000 ಸಿಗುವ ಕಾರಿಗೆ 2,30,000 ಕೊಟ್ಟು 25,000 ಬೋನಸ್ ಎಂದರೆ ನಿಮಗೆ ಐದು ಸಾವಿರ ನಷ್ಟ. ಕೊಡುವುದಾದರೆ ಕಾರು ಒಪ್ಪಿಸಿದ ದಿನ, ಗಂಟೆ, ಕಿಲೋಮೀಟರ್ ಬರೆದ ಪತ್ರ ಪಡೆಯಿರಿ, ಮಾಲೀಕತ್ವ ವರ್ಗಾವಣೆಯ ಫಾರ್ಮ್ 29, 30ರ ಪ್ರತಿ ಇಟ್ಟುಕೊಳ್ಳಿ. ಮಾಲೀಕತ್ವ ವರ್ಗಾವಣೆ ಆಗುವವರೆಗೆ ಅಪಘಾತವಾದರೆ ಸಮನ್ಸ್ ಬರುವುದು ಆರ್‌ಸಿಯಲ್ಲಿ ಹೆಸರಿದ್ದವರಿಗೆ. ಹಳೆ ಫಾಸ್ಟ್ಯಾಗ್ ಅದೇ ದಿನ ಬಂದ್ ಮಾಡಿಸಿ, ಇಲ್ಲದಿದ್ದರೆ ತಲಪಾಡಿ, ಹೆಜಮಾಡಿಯ ಟೋಲ್ ನಿಮ್ಮ ಖಾತೆಯಿಂದಲೇ ಹೋಗುತ್ತಿರುತ್ತದೆ.

ಎಂಟನೇ ಹಂತ: ಬುಕಿಂಗ್, ಪಿಡಿಐ, ಹಣ

ಬುಕಿಂಗ್ ಮೊತ್ತ ಆದಷ್ಟು ಕಡಿಮೆ ಕೊಡಿ. ರಶೀದಿಯಲ್ಲಿ ಅಂತಿಮ ದರ, ಉಚಿತ ವಸ್ತುಗಳ ಪಟ್ಟಿ, ಡೆಲಿವರಿ ದಿನಾಂಕ, ರದ್ದು ಮಾಡಿದರೆ ಎಷ್ಟು ವಾಪಸ್ ಎಂಬುದು ಬರೆದಿರಲಿ. ಹಣ ಹೋಗಬೇಕಾದ್ದು ಸಂಸ್ಥೆಯ ಬ್ಯಾಂಕ್ ಖಾತೆಗೆ, ಸೇಲ್ಸ್‌ನವರ ಮೊಬೈಲ್ ನಂಬರಿಗೆ ಅಲ್ಲ. 2 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ನಗದನ್ನು ಒಂದೇ ವ್ಯವಹಾರಕ್ಕೆ ಯಾರೂ ಸ್ವೀಕರಿಸುವಂತಿಲ್ಲ, ದಿನ ಬಿಟ್ಟು ದಿನ ಕೊಟ್ಟರೂ.

ಇನ್‌ವಾಯ್ಸ್ ಆಗುವ ಮೊದಲು, ನೋಂದಣಿಗೂ ಮೊದಲು ಯಾರ್ಡ್‌ಗೆ ಹೋಗಿ ನಿಮ್ಮ ಕಾರನ್ನೇ ನೋಡಿ. ಇದನ್ನು ಪಿಡಿಐ ಎನ್ನುತ್ತಾರೆ. ನಿಮ್ಮ ಹೆಸರಿಗೆ ನೋಂದಣಿಯಾದ ಮೇಲೆ ಗೀರು ಕಂಡರೆ ಪಾಲಿಶ್ ಮಾಡಿಕೊಡುತ್ತಾರೆಯೇ ಹೊರತು ಕಾರು ಬದಲಾಯಿಸುವುದಿಲ್ಲ. ಹಗಲಿನಲ್ಲಿ, ಮಳೆ ಬಿಟ್ಟಾಗ, ಕಾರು ತೊಳೆಸಿ ಒರೆಸಿದ ಮೇಲೆ ನೋಡಬೇಕು. ಒದ್ದೆ ಕಾರಿನಲ್ಲಿ ಬಣ್ಣದ ವ್ಯತ್ಯಾಸ ಕಾಣುವುದಿಲ್ಲ.

ಚಾಸಿಸ್ ಸಂಖ್ಯೆಯ ಫೋಟೊ ತೆಗೆದು, ತಯಾರಿಕೆಯ ತಿಂಗಳನ್ನು ಕಂಪನಿಯ ದಾಖಲೆಯಲ್ಲಿ ತೋರಿಸಿ ಎನ್ನಿ. ಟಯರಿನ ಬದಿಯಲ್ಲಿರುವ ನಾಲ್ಕು ಅಂಕಿ ನೋಡಿ: 3225 ಎಂದರೆ 2025ರ 32ನೇ ವಾರ. ಐದೂ ಟಯರ್ ಹತ್ತಿರ ಹತ್ತಿರದ ವಾರಗಳವಾಗಿರಬೇಕು. ಎಲ್ಲ ಗಾಜಿನ ಮೇಲೂ ತಯಾರಕರ ಗುರುತು ಒಂದೇ ಇರಲಿ, ಒಂದು ಮಾತ್ರ ಬೇರೆ ಇದ್ದರೆ ಅದನ್ನು ಬದಲಿಸಿರಬಹುದು. ಬಾಗಿಲು, ಬಾನೆಟ್, ಡಿಕ್ಕಿಯ ಸಂದುಗಳು ಎರಡೂ ಕಡೆ ಸಮವಾಗಿರಲಿ, ಬೋಲ್ಟ್‌ಗಳ ಬಣ್ಣ ಕಿತ್ತಿರಬಾರದು. ಓಡೋಮೀಟರಿನಲ್ಲಿ ನೂರಾರು ಕಿಲೋಮೀಟರ್ ಕಂಡರೆ ಅದು ಟೆಸ್ಟ್ ಡ್ರೈವ್ ಕಾರೋ, ಬೇರೆ ಊರಿನಿಂದ ಓಡಿಸಿ ತಂದದ್ದೋ ಎಂದು ಕೇಳಿ.

ಕರಾವಳಿಯ ಯಾರ್ಡ್‌ನಲ್ಲಿ ಮಳೆಗಾಲ ಕಳೆದ ಕಾರಿಗೆ ಇನ್ನೂ ನಾಲ್ಕು ಜಾಗ ನೋಡಬೇಕು. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ನೋಡಿ, ಬೂಷ್ಟು ಹಿಡಿದರೆ ಒಳಭಾಗದಲ್ಲಿ ಕಪ್ಪು ಚುಕ್ಕೆ ಕಾಣುತ್ತದೆ. ಸೀಟಿನ ಅಡಿಯ ಕಬ್ಬಿಣದ ಹಳಿಯಲ್ಲಿ ತುಕ್ಕು ಇದೆಯೇ? ಸ್ಟೆಪ್ನಿ ಇಡುವ ಗುಂಡಿಯಲ್ಲಿ ನೀರಿನ ಗುರುತೋ ಕೆಂಪು ಮಣ್ಣೋ ಇದೆಯೇ? ಎಸಿ ಹಾಕಿದ ಮೊದಲ ನಿಮಿಷ ಹಸಿ ವಾಸನೆ ಬರುತ್ತದೆಯೇ? ಬ್ರೇಕ್ ಡಿಸ್ಕಿನ ಮೇಲೆ ತೆಳ್ಳಗಿನ ಕಂದು ಬಣ್ಣ ಮಾತ್ರ ಇದ್ದರೆ ಹೆದರಬೇಕಾಗಿಲ್ಲ, ನಾಲ್ಕು ಸಲ ಬ್ರೇಕ್ ಹಾಕಿದರೆ ಹೋಗುತ್ತದೆ. ಹಳಿಯ ತುಕ್ಕು, ಸ್ಟೆಪ್ನಿ ಗುಂಡಿಯ ಮಣ್ಣು ಕಂಡರೆ ಆ ಕಾರು ಬೇಡ, ಬೇರೆ ಕೊಡಿ ಎನ್ನಿ.

ಕಾರು ಸರಿಯಿದ್ದರೆ ಉಳಿದ ಹಣ ಕಟ್ಟಿ. ಮುಹೂರ್ತ ನೋಡಿ ಡೆಲಿವರಿ ತೆಗೆದುಕೊಳ್ಳುವವರು ಒಂದು ವಾರ ಮೊದಲೇ ಹಣ, ದಾಖಲೆ ಮುಗಿಸಿ. ನೋಂದಣಿ ಸಂಖ್ಯೆ ಬರುವ ಮೊದಲು ಕಾರನ್ನು ರಸ್ತೆಗೆ ತರುವುದು ಬೇಡ. ಇನ್‌ವಾಯ್ಸ್, ವಿಮಾ ಪಾಲಿಸಿ, ಫಾರ್ಮ್ 21 (ಮಾರಾಟ ಪ್ರಮಾಣಪತ್ರ), ಫಾರ್ಮ್ 22 (ಕಾರು ರಸ್ತೆಗೆ ಯೋಗ್ಯ ಎಂಬ ತಯಾರಕರ ಪ್ರಮಾಣಪತ್ರ) ಎಲ್ಲದರಲ್ಲೂ ಚಾಸಿಸ್ ಸಂಖ್ಯೆ ನಿಮ್ಮ ಫೋಟೊದಲ್ಲಿದ್ದದ್ದೇ ಆಗಿರಬೇಕು. ಎರಡು ಕೀ, ಜಾಕ್, ಸ್ಪ್ಯಾನರ್, ತ್ರಿಕೋನ ಎಚ್ಚರಿಕೆ ಫಲಕ, ವಾರಂಟಿ ಪುಸ್ತಕ, ಎಕ್ಸ್‌ಟೆಂಡೆಡ್ ವಾರಂಟಿ ಕೊಂಡಿದ್ದರೆ ಅದರ ಪ್ರಮಾಣಪತ್ರ ಎಣಿಸಿಕೊಳ್ಳಿ.

ರಸ್ತೆ ತೆರಿಗೆಯ ರಶೀದಿಯನ್ನು ಕೇಳಿ ಪಡೆಯಿರಿ, ಅದರ ಮೊತ್ತವನ್ನು ನೀವು ಕಟ್ಟಿದ ಮೊತ್ತದ ಪಕ್ಕ ಇಟ್ಟು ನೋಡಿ. ವಿಮೆಯ ಪ್ರೀಮಿಯಂ ಕೂಡ ಹಾಗೆಯೇ. ಹೆಚ್ಚು ವಸೂಲಿಯಾಗಿದ್ದರೆ ಆ ವ್ಯತ್ಯಾಸ ವಾಪಸ್ ಕೊಡಿ ಎಂದು ಶೋರೂಮಿನ ಜನರಲ್ ಮ್ಯಾನೇಜರಿಗೆ ಇಮೇಲ್ ಮಾಡಿ, ಕಂಪನಿಯ ಗ್ರಾಹಕ ವಿಭಾಗಕ್ಕೂ ಪ್ರತಿ ಹಾಕಿ. ಹೆಚ್ಚಿನ ಪ್ರಕರಣ ಅಲ್ಲೇ ಮುಗಿಯುತ್ತದೆ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಅದಕ್ಕೂ ಬಗ್ಗದಿದ್ದರೆ ಮಂಗಳೂರಿನಲ್ಲೂ ಉಡುಪಿಯಲ್ಲೂ ಜಿಲ್ಲಾ ಗ್ರಾಹಕರ ಆಯೋಗ ಉಂಟು. ಮೊದಲ ದಿನದ ಲಿಖಿತ ಕೊಟೇಶನ್, ಬುಕಿಂಗ್ ರಶೀದಿ, ತೆರಿಗೆ ರಶೀದಿ ಮೂರೂ ಕೈಯಲ್ಲಿದ್ದರೆ ವಕೀಲರಿಲ್ಲದೆಯೂ ಅಲ್ಲಿ ದೂರು ಕೊಡಬಹುದು.